ಗಂಧೆಯ ಲೆಕ್ಕ: ಮೈಮೇಲೆ ಎಷ್ಟು, ರಕ್ತದಲ್ಲಿ ಎಷ್ಟು

ಪಿತ್ತದ ಗಂಧೆಯ ದೊಡ್ಡ ಕಷ್ಟವೆಂದರೆ ತೋರಿಸಬೇಕಾದ ಹೊತ್ತಿಗೆ ಅದು ಇರುವುದಿಲ್ಲ. ನಡುರಾತ್ರಿಯಲ್ಲಿ ತೊಡೆ, ಬೆನ್ನು, ಹೊಟ್ಟೆಯ ಮೇಲೆ ಅಂಗೈಯಗಲ ಎದ್ದು ಉರಿಯುವ ಗಂಧೆಗಳು ಬೆಳಗಾಗುವುದರೊಳಗೆ ಕಲೆಯನ್ನೂ ಉಳಿಸದೆ ಇಳಿದುಹೋಗುತ್ತವೆ. ತೀರ್ಥಹಳ್ಳಿಯಲ್ಲಿ ಬಸ್ ಹತ್ತಿ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗದ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತುಕೊಳ್ಳುವಷ್ಟರಲ್ಲಿ ನನ್ನ ಚರ್ಮ ಎಲ್ಲರ ಚರ್ಮದ ಹಾಗೆಯೇ ಇರುತ್ತಿತ್ತು. ‘ಎಲ್ಲಿ, ಈಗ ಏನೂ ಕಾಣಿಸುತ್ತಿಲ್ಲವಲ್ಲ’ ಎಂಬ ಮಾತನ್ನು ನಾನು ಕೇಳಿದಷ್ಟು ಬೇರೆ ಯಾವ ಮಾತನ್ನೂ ಆ ವರ್ಷ ಕೇಳಿರಲಿಕ್ಕಿಲ್ಲ. ಹಾಗಾಗಿ, ಈ ಕಾಯಿಲೆಯ ತೀವ್ರತೆಯನ್ನು ರಕ್ತದಲ್ಲೂ ಅಳೆಯಬಹುದು ಎಂದು ವೈದ್ಯೆಯೊಬ್ಬರು ಹೇಳಿದಾಗ ನನಗಾದ ಸಮಾಧಾನ ದೊಡ್ಡದು. ಆ ಅಳತೆ ಏನನ್ನು ಹೇಳಿತು, ಏನನ್ನು ಹೇಳಲಿಲ್ಲ ಎಂಬುದನ್ನು, ನನ್ನ ಹಾಗೆ ರಾತ್ರಿ ಎದ್ದು ಕೂರುವವರಿಗಾಗಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟವಿದೆ. ಗಂಧೆ ಶುರುವಾದದ್ದು ಅಡಿಕೆ ಸುಲಿತದ ಕಾಲದಲ್ಲಿ. ಹಾಗಾಗಿ ಮೊದಲ ಅನುಮಾನ ಅಡಿಕೆ ಬೇಯಿಸಿದ ಚೊಗರಿನ ಮೇಲೆ ಹೋಯಿತು. ಆಮೇಲೆ ಬದನೆಕಾಯಿ, ಕಳಲೆ, ಅಣಬೆ, ಒಗ್ಗರಣೆಯ ಎಣ್ಣೆ, ಹಾಸಿಗೆಗೆ ಬಿದ್ದಿರಬಹುದಾದ ಕಂಬಳಿಹುಳುವಿನ ರೋಮ, ಹೀಗೆ ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ಅತ್ತೆಯವರು ದೊಡ್ಡಪತ್ರೆ ಸೊಪ್ಪಿನ ರಸ ಹಿಂಡಿ ಬೆನ್ನಿಗೆ ಹಚ್ಚಿದರು, ಮುರುಗಲಿನ ಪಾನಕ ಮಾಡಿ ಕುಡಿಸಿದರು. ರಸದ ತಂಪಿಗೆ ಅರ್ಧ ಗಂಟೆ ಉರಿ ಆರುತ್ತಿತ್ತು. ರೋಗ ಅದರಿಂದ ಹೋಗಲಿಲ್ಲ, ನಿಜ. ಆದರೆ ಆ ಸರಿರಾತ್ರಿಗಳಲ್ಲಿ ನನ್ನ ಬೆನ್ನನ್ನು ಕಣ್ಣಾರೆ ನೋಡಿ ನಂಬಿದ ಮೊದಲ ಮನುಷ್ಯರು ಅವರೇ. ಅದನ್ನು ನಾನು ಮರೆಯುವುದಿಲ್ಲ.

ಊರಿನ ಹತ್ತಿರದ ಚಿಕಿತ್ಸಾಲಯದಲ್ಲಿ ಅಲರ್ಜಿ ಎಂದು ಮಾತ್ರೆ ಕೊಟ್ಟರು. ಸಾಲದೆ ಬಂದಾಗ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಚುಚ್ಚುಮದ್ದಿನ ಮೇಲೆ ಕೆಲವು ದಿನ ಸ್ವರ್ಗ, ಆಮೇಲೆ ಮೊದಲಿಗಿಂತ ಜೋರು. ಒಂದು ಬೆಳಿಗ್ಗೆ ಮೇಲ್ದುಟಿ ಮೂಗಿಗೆ ತಾಗುವಷ್ಟು ಊದಿಕೊಂಡಿತು. ಕಚೇರಿಯ ಕಿಟಕಿಯಲ್ಲಿ ಪಿಂಚಣಿಗೆ ಬಂದಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿ ‘ಜೇನು ಕಡಿಯಿತೇ ಮಗಳೇ’ ಎಂದು ಕೇಳಿದರು. ಆ ವಾರವೇ ಶಿವಮೊಗ್ಗಕ್ಕೆ ಹೋದದ್ದು.

ಅಲ್ಲಿನ ಚರ್ಮರೋಗ ತಜ್ಞೆ ‘ಏನೂ ಕಾಣಿಸುತ್ತಿಲ್ಲ’ ಎನ್ನಲಿಲ್ಲ. ‘ಒಂದು ಗಂಧೆ ಎದ್ದ ಜಾಗದಲ್ಲಿ ಎಷ್ಟು ಹೊತ್ತು ಇರುತ್ತದೆ? ಇಳಿದ ಮೇಲೆ ಜಜ್ಜಿದ ಹಾಗೆ ನೀಲಿ ಕಲೆ ಉಳಿಯುತ್ತದೆಯೇ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಎದ್ದಾಗ ಬಾಲ್ ಪೆನ್ನಿನಿಂದ ಗಂಧೆಯ ಸುತ್ತ ಗೆರೆ ಎಳೆದು ಹೊತ್ತು ಬರೆದಿಡಿ ಎಂದರು. ಒಂದೇ ಗಂಧೆ 24 ಗಂಟೆಗಿಂತ ಹೆಚ್ಚು ನಿಂತರೆ, ನೋವಾಗಿ ಕಲೆ ಉಳಿದರೆ ಅದು ರಕ್ತನಾಳದ ಉರಿಯೂತವಿರಬಹುದು, ಆಗ ಚರ್ಮದ ಚೂರು ತೆಗೆದು ನೋಡಬೇಕಾಗುತ್ತದೆ ಎಂದು ವಿವರಿಸಿದರು. ನನ್ನ ಗೆರೆಗಳೊಳಗಿನ ಗಂಧೆಗಳು ಕೆಲವೇ ಗಂಟೆಗಳಲ್ಲಿ ಖಾಲಿಯಾಗಿ, ಪಕ್ಕದಲ್ಲಿ ಹೊಸವು ಎದ್ದಿರುತ್ತಿದ್ದವು. ಆರು ವಾರ ದಾಟಿತ್ತು, ಹೊರಗಿನ ನಿಶ್ಚಿತ ಕಾರಣವೂ ಇರಲಿಲ್ಲ. ಇದಕ್ಕೆ ದೀರ್ಘಕಾಲಿಕ ಅರ್ಟಿಕೇರಿಯಾ ಎನ್ನುತ್ತಾರೆ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹೊರಗಿನ ಶತ್ರುವಿಲ್ಲದೆಯೂ ಒಡೆದು, ತುರಿಕೆ ಮತ್ತು ಊತ ತರುವ ಹಿಸ್ಟಮಿನ್ ಸುರಿಯುತ್ತವೆ. ಅನೇಕರಲ್ಲಿ ಅವುಗಳನ್ನು ಕೆರಳಿಸುವುದು ದೇಹದ್ದೇ ಪ್ರತಿಕಾಯಗಳು.

ಎರಡನೆಯ ಕೆಲಸ ಲೆಕ್ಕದ್ದು. ದಿನವೂ ಎರಡು ಅಂಕ ಬರೆಯಬೇಕು. ಗಂಧೆ ಇಲ್ಲದಿದ್ದರೆ 0, 20ಕ್ಕಿಂತ ಕಡಿಮೆ ಇದ್ದರೆ 1, 20ರಿಂದ 50ರವರೆಗೆ 2, ಅದಕ್ಕೂ ಹೆಚ್ಚಿದ್ದರೆ ಅಥವಾ ಒಂದಕ್ಕೊಂದು ಕೂಡಿ ದೊಡ್ಡ ಹರಹಾದರೆ 3. ತುರಿಕೆಗೂ ಹಾಗೆಯೇ 0ಯಿಂದ 3. ತುರಿಕೆ ಇದೆ ಆದರೆ ಕಾಡುವುದಿಲ್ಲ ಎಂದರೆ 1, ಕಾಡುತ್ತದೆ ಆದರೆ ನಿದ್ದೆಗೂ ಕೆಲಸಕ್ಕೂ ಅಡ್ಡಿಯಿಲ್ಲ ಎಂದರೆ 2, ನಿದ್ದೆಯನ್ನೋ ಕೆಲಸವನ್ನೋ ಕೆಡಿಸಿದರೆ 3. ಏಳು ದಿನದ ಮೊತ್ತ 42ಕ್ಕೆ. 7ರಿಂದ 15 ಸೌಮ್ಯ, 16ರಿಂದ 27 ಮಧ್ಯಮ, 28 ಅಥವಾ ಅದಕ್ಕೂ ಹೆಚ್ಚಾದರೆ ತೀವ್ರ. ವೈದ್ಯರು ಇದನ್ನು ಯುಎಎಸ್-7 ಎನ್ನುತ್ತಾರೆ. ದಿನದ ಲೆಕ್ಕವನ್ನು ಅಂದೇ ಮುಗಿಸುವುದು ನನ್ನ ಉದ್ಯೋಗದ ಅಭ್ಯಾಸ. ಬೀಗ ಹಾಕುವ ಮುಂಚೆ ಈ ಎರಡು ಅಂಕಗಳನ್ನೂ ಬರೆಯತೊಡಗಿದೆ. ಮೊದಲ ವಾರ ಕೂಡಿಸಿದಾಗ 33 ಬಂದಿತು. ‘ತೀವ್ರ’ ಎಂಬ ಪದದ ಎದುರಿಗೆ ನನ್ನ ಸಂಖ್ಯೆಯನ್ನು ನೋಡಿ ಅಳು ಬಂದಿತು. ದುಃಖಕ್ಕಿಂತ ಹೆಚ್ಚಾಗಿ, ನಾನು ಹೇಳುತ್ತಿದ್ದುದಕ್ಕೆ ಒಂದು ತೂಕ ಸಿಕ್ಕಿತಲ್ಲ ಎಂಬ ಕಾರಣಕ್ಕೆ.

ರಕ್ತ ಪರೀಕ್ಷೆ ಎಂದಾಗ ನನ್ನ ನಾದಿನಿ ಫೋನಿನಲ್ಲಿ, ನೂರಾರು ಆಹಾರಗಳಿಗೆ ಒಟ್ಟಿಗೆ ಮಾಡುವ ಅಲರ್ಜಿ ಪರೀಕ್ಷೆಯನ್ನೇ ಮಾಡಿಸು ಎಂದು ಒತ್ತಾಯಿಸಿದ್ದಳು. ವೈದ್ಯೆ ಅದನ್ನು ಬರೆಯಲಿಲ್ಲ. ದಿನವೂ ಏಳುವ ಗಂಧೆಗೆ ಆಹಾರದ ಅಲರ್ಜಿ ಕಾರಣವಾಗಿರುವುದು ಬಹಳ ಅಪರೂಪ. ಆ ಪರೀಕ್ಷೆಯಲ್ಲಿ ಯಾವುದೋ ನಾಲ್ಕು ಪದಾರ್ಥಕ್ಕೆ ಗೆರೆ ಏರಿರುತ್ತದೆ, ಜನ ಅನ್ನ, ಹಾಲು, ಬೇಳೆ ಬಿಟ್ಟು ಸೊರಗುತ್ತಾರೆ, ಗಂಧೆ ಮಾತ್ರ ನಿಲ್ಲುವುದಿಲ್ಲ ಎಂದರು. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಧೆಯ ರೋಗಿಗಳು ಪಥ್ಯದಲ್ಲೇ ಅರ್ಧ ಬಡವಾಗುತ್ತಿದ್ದಾರೆ.

ಅವರು ಬರೆದ ಪಟ್ಟಿ ಚಿಕ್ಕದು. ರಕ್ತಕಣಗಳ ಪೂರ್ಣ ಎಣಿಕೆ, ದೇಹದ ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯವಾದ ಐಜಿಇಯ ಒಟ್ಟು ಮಟ್ಟ, ಥೈರಾಯ್ಡ್ ವಿರುದ್ಧದ ಟಿಪಿಒ ಪ್ರತಿಕಾಯ, ಥೈರಾಯ್ಡ್ ಕೆಲಸವನ್ನು ತೋರಿಸುವ ಟಿಎಸ್‌ಎಚ್, ಕೊನೆಯಲ್ಲಿ ಡಿ-ಡೈಮರ್. ಡಿ-ಡೈಮರ್ ಹೊರತು ಉಳಿದವು ಎಲ್ಲ ತಜ್ಞರೂ ಸಾಮಾನ್ಯವಾಗಿ ಬರೆಯುವಂಥವು, ಡಿ-ಡೈಮರ್ ಎಲ್ಲರಿಗೂ ಬೇಕಾಗಿಲ್ಲ, ನಿಮ್ಮ ಅಂಕ ಹೆಚ್ಚಿರುವುದರಿಂದ ನೋಡೋಣ ಎಂದರು. ಕೋವಿಡ್ ಕಾಲದಿಂದ ಆ ಹೆಸರು ಕೇಳಿದರೆ ನಮ್ಮ ಮನೆಯಲ್ಲಿ ಎದೆ ಒಡೆಯುತ್ತದೆ. ಮಾವನವರು ಆಸ್ಪತ್ರೆಯಲ್ಲಿದ್ದಾಗ ದಿನವೂ ಆ ಸಂಖ್ಯೆಗಾಗಿ ಕಾದಿದ್ದೆವು. ‘ರಕ್ತ ಹೆಪ್ಪುಗಟ್ಟಿದೆಯೇ ಡಾಕ್ಟರೇ?’ ಎಂದೆ. ಅವರು ತಾಳ್ಮೆಯಿಂದ ವಿವರಿಸಿದರು. ಈ ಕಾಯಿಲೆ ಜೋರಾಗಿರುವಾಗ ಚರ್ಮಕ್ಕೆ ನುಗ್ಗಿದ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಟಿಶ್ಯೂ ಫ್ಯಾಕ್ಟರ್ ಎಂಬ ವಸ್ತುವನ್ನು ಹೊರಹಾಕುತ್ತವೆ. ಅದು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಹುಟ್ಟಿಸುತ್ತದೆ, ಥ್ರಾಂಬಿನ್‌ನಿಂದ ಫೈಬ್ರಿನ್ ಎಳೆಗಳು ಆಗುತ್ತವೆ, ದೇಹ ಆ ಎಳೆಗಳನ್ನು ಕತ್ತರಿಸಿದಾಗ ಉಳಿಯುವ ತುಂಡೇ ಡಿ-ಡೈಮರ್. ಇದರಿಂದ ಗಂಧೆಯ ರೋಗಿಗಳ ಕಾಲಿನಲ್ಲೋ ಎದೆಯಲ್ಲೋ ಗಡ್ಡೆ ಇದೆ ಎಂದು ಅರ್ಥವಲ್ಲ. ಆದರೆ ಈ ಸಂಖ್ಯೆ ಏರಿದವರಲ್ಲಿ ಕಾಯಿಲೆ ತೀವ್ರವಾಗಿರುವುದೂ ಅಲರ್ಜಿ ಮಾತ್ರೆಗೆ ಸುಲಭವಾಗಿ ಬಗ್ಗದಿರುವುದೂ ಹೆಚ್ಚು ಎಂದು ಇಟಲಿಯ ಸಂಶೋಧಕರು ಮೊದಲಿಗೆ ಗಮನಿಸಿ, ಆಮೇಲೆ ಬೇರೆಡೆಯವರೂ ಕಂಡಿದ್ದಾರೆ.

ರಕ್ತ ಕೊಡುವ ದಿನವನ್ನು ಅವರು ಮುಂದೂಡಿದರು. ನನಗಾಗ ನೆಗಡಿ ಜ್ವರವಿತ್ತು, ಸ್ಟೀರಾಯ್ಡ್ ತೆಗೆದುಕೊಂಡು ಬಹಳ ದಿನವಾಗಿರಲಿಲ್ಲ. ಜ್ವರದಲ್ಲಿ ಸಿಆರ್‌ಪಿ, ಡಿ-ಡೈಮರ್ ಎರಡೂ ಏರುತ್ತವೆ. ಸ್ಟೀರಾಯ್ಡ್ ಇಯೋಸಿನೋಫಿಲ್ ಸಂಖ್ಯೆಯನ್ನೇ ಕುಗ್ಗಿಸುತ್ತದೆ. ಆಗ ಬಂದ ವರದಿ ಗಂಧೆಯದ್ದೋ ಔಷಧಿಯದ್ದೋ ಹೇಳಲಾಗುವುದಿಲ್ಲ. ಇನ್ನೊಂದು ಪ್ರಶ್ನೆ ನನಗೆ ಅನಿರೀಕ್ಷಿತವಾಗಿತ್ತು: ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ನುಂಗುತ್ತಿದ್ದೆ. ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್ ಫಲಿತಾಂಶವನ್ನು ತಪ್ಪಿಸುತ್ತದೆಯಂತೆ, ನಿಲ್ಲಿಸಿ ಬರಲು ಹೇಳಿದರು. ಗಂಧೆಯ ಮಾತ್ರೆಯನ್ನು ಮಾತ್ರ ಈ ಪರೀಕ್ಷೆಗಳಿಗಾಗಿ ಬಿಡಬೇಕಾಗಿಲ್ಲ.

ಪ್ರಯೋಗಾಲಯದ ಹುಡುಗಿ ಮೂರು ಬಣ್ಣದ ಮುಚ್ಚಳದ ಕೊಳವೆಗಳನ್ನು ಸಾಲಾಗಿ ಇಟ್ಟಳು. ನೀಲಿ ಮುಚ್ಚಳದ್ದು ಡಿ-ಡೈಮರ್‌ಗೆ. ಅದರಲ್ಲಿ ಸಿಟ್ರೇಟ್ ದ್ರವ ಮೊದಲೇ ಇರುತ್ತದೆ, ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಸೇರಬೇಕು, ಹಾಗಾಗಿ ಗೆರೆಯ ಮಟ್ಟಕ್ಕೆ ಸರಿಯಾಗಿ ತುಂಬಬೇಕು. ಅದನ್ನು ತಡಮಾಡದೆ ಯಂತ್ರಕ್ಕೆ ಹಾಕಬೇಕಾಗುವುದರಿಂದಲೇ ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ಕೊಡದೆ ಶಿವಮೊಗ್ಗದಲ್ಲೇ ಕೊಡಿ ಎಂದು ವೈದ್ಯೆ ಹೇಳಿದ್ದು.

ವರದಿ ಬಂದಾಗ ದಪ್ಪಕ್ಷರದ ಸಂಖ್ಯೆಗಳೇ ಹೆಚ್ಚು. ಸಿಆರ್‌ಪಿ ಲೀಟರಿಗೆ 12.4 ಮಿಲಿಗ್ರಾಂ. ಆ ಪ್ರಯೋಗಾಲಯದ ಮಿತಿ 5. ಡಿ-ಡೈಮರ್ 1180, ಮಿತಿ 500. ಇಯೋಸಿನೋಫಿಲ್ ಬಹಳ ಕಡಿಮೆ, ಬೇಸೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಸೊನ್ನೆ. ಅಲರ್ಜಿ ಎಂದರೆ ಇಯೋಸಿನೋಫಿಲ್ ಹೆಚ್ಚಿರಬೇಕು ಎಂದು ನಾನು ಕೇಳಿದ್ದೆ. ಈ ಕಾಯಿಲೆಯಲ್ಲಿ ಅವೆರಡೂ ರಕ್ತವನ್ನು ಬಿಟ್ಟು ಚರ್ಮಕ್ಕೆ ಹೋಗಿ ಕೂರುವುದರಿಂದ ರಕ್ತದಲ್ಲಿ ಕೊರತೆ ಕಾಣುತ್ತದೆ, ಹಾಗೆ ಕೊರತೆ ಇದ್ದವರಲ್ಲಿ ಗಂಧೆ ಜೋರು ಎಂಬುದನ್ನು ಅಧ್ಯಯನಗಳು ತೋರಿಸಿವೆ ಎಂದರು. ಆದರೆ ಬೇಸೋಫಿಲ್ ಆರೋಗ್ಯವಂತರಲ್ಲೂ ಬೆರಳೆಣಿಕೆಯಷ್ಟೇ ಇರುತ್ತದೆ, ಯಂತ್ರ ಸೊನ್ನೆ ತೋರಿಸುವುದು ಅಪರೂಪವಲ್ಲ, ಅದೊಂದನ್ನೇ ಹಿಡಿದುಕೊಳ್ಳುವಂತಿಲ್ಲ. ಇಎಸ್‌ಆರ್ 48 ಇತ್ತು. ಅದನ್ನು ಅವರು ಪಕ್ಕಕ್ಕಿಟ್ಟರು. ನನಗೆ ರಕ್ತಹೀನತೆಯಿದೆ, ಅದರಿಂದಲೇ ಇಎಸ್‌ಆರ್ ಏರುತ್ತದೆ.

ಇನ್ನು ಐಜಿಇ 16, ಅಂದರೆ ತೀರಾ ಕಡಿಮೆ. ಟಿಪಿಒ ಯಂತ್ರದ ಮೇಲ್ಮಿತಿಯನ್ನೂ ಮೀರಿತ್ತು. ಟಿಎಸ್‌ಎಚ್ 8ರ ಮೇಲೆ, ಅಂದರೆ ಥೈರಾಯ್ಡ್ ಕೆಲಸ ತಗ್ಗಿದೆ. ವೈದ್ಯೆ ಹೆಚ್ಚು ಹೊತ್ತು ಕಳೆದದ್ದು ಇವುಗಳ ಮೇಲೆಯೇ. ಸಿಆರ್‌ಪಿ, ಡಿ-ಡೈಮರ್ ಕಾಯಿಲೆ ಈಗ ಎಷ್ಟು ಉರಿಯುತ್ತಿದೆ ಎಂದು ಸೂಚಿಸುತ್ತವೆ, ಐಜಿಇ ಮತ್ತು ಟಿಪಿಒ ಅದು ಯಾವ ಬಗೆಯದು ಎಂದು ಸೂಚಿಸುತ್ತವೆ. ಐಜಿಇ ಕಡಿಮೆ, ಟಿಪಿಒ ಹೆಚ್ಚು ಎಂಬ ಜೋಡಿ ಬಂದರೆ, ದೇಹದ ಐಜಿಜಿ ಪ್ರತಿಕಾಯಗಳೇ ಮಾಸ್ಟ್ ಕೋಶಗಳ ಮೇಲೆ ಬಿದ್ದಿರುವ ಸಾಧ್ಯತೆ ಹೆಚ್ಚು. ಆ ಬಗೆಯವರ ಕಾಯಿಲೆ ಸಾಮಾನ್ಯವಾಗಿ ಗಡುಸು. ನಮ್ಮ ಹಳ್ಳಿಗಳಲ್ಲಿ ಹೊಟ್ಟೆಯ ಜಂತುಹುಳುವಿನಿಂದಲೂ ಐಜಿಇ ಏರಿರುತ್ತದೆ, ಹಾಗಿರುವಾಗ ನಿಮ್ಮದು ಇಷ್ಟು ತಗ್ಗಿರುವುದಕ್ಕೆ ಬೆಲೆಯಿದೆ ಎಂದರು. ಥೈರಾಯ್ಡ್‌ಗೆ ಅಂದೇ ಮಾತ್ರೆ ಶುರುವಾಯಿತು. ಅದರಿಂದ ಗಂಧೆ ಇಳಿಯುತ್ತದೆ ಎಂದು ಮಾತು ಕೊಡಲಾರೆ, ನಿಮ್ಮ ಸುಸ್ತು ಮಾತ್ರ ಇಳಿಯುತ್ತದೆ ಎಂದರು. ಹಾಗೆಯೇ ಆಯಿತು.

ಅದೇ ಬೆಂಚಿನಲ್ಲಿ ಹೊಸನಗರ ಕಡೆಯ ಒಬ್ಬ ಹೆಣ್ಣುಮಗಳ ಪರಿಚಯವಾಯಿತು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಕಣ್ಣುರೆಪ್ಪೆ ಊದಿ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಅವಳ ಸಿಆರ್‌ಪಿ, ಡಿ-ಡೈಮರ್, ಕಣಗಳ ಎಣಿಕೆ ಎಲ್ಲವೂ ಮಿತಿಯೊಳಗೆ. ‘ಅಕ್ಕ, ಎಲ್ಲ ಸರಿಯಾಗಿದೆ ಎಂದು ಬಂದದ್ದೇ ತಪ್ಪಾಯಿತು. ರಕ್ತದಲ್ಲಿ ಏನೂ ಇಲ್ಲವಂತೆ, ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಮಲಗುತ್ತಾಳೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ’ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಈಗಲೂ ನೆನೆದರೆ ಏರುತ್ತದೆ. ನನ್ನ ಬೆಂಬಲಕ್ಕೆ ಬಂದ ಅದೇ ಪರೀಕ್ಷೆ ಅವಳ ವಿರುದ್ಧ ಸಾಕ್ಷಿಯಾಗಿತ್ತು.

ಒಳಗೆ ಹೋದಾಗ ವೈದ್ಯೆಯನ್ನು ಕೇಳಿಯೇಬಿಟ್ಟೆ. ಅವರ ಉತ್ತರವನ್ನು ನಾನು ಆಮೇಲೆ ಅವಳಿಗೂ, ಅವಳ ಗಂಡನಿಗೂ ಫೋನಿನಲ್ಲಿ ಹೇಳಿದ್ದೇನೆ: ಅನೇಕ ಗಂಧೆಯ ರೋಗಿಗಳಲ್ಲಿ, ತೀವ್ರವಾಗಿ ಬಳಲುವವರಲ್ಲೂ ಸಹ, ಈ ಸೂಚಕಗಳು ಏರುವುದೇ ಇಲ್ಲ. ಏರಿದರೆ ಅದೊಂದು ಸುಳಿವು, ಏರದಿದ್ದರೆ ಕಾಯಿಲೆ ಇಲ್ಲ ಎಂದಾಗಲಿ ಸೌಮ್ಯ ಎಂದಾಗಲಿ ಅರ್ಥವಲ್ಲ. ನೂರು ರೋಗಿಗಳನ್ನು ಒಟ್ಟಿಗೆ ನೋಡಿದಾಗ ಕಾಣುವ ಸಂಬಂಧ ಒಬ್ಬ ರೋಗಿಯ ತೀರ್ಪಾಗುವುದಿಲ್ಲ. ತೀವ್ರತೆಯನ್ನು ನಿರ್ಧರಿಸುವುದು ಈಗಲೂ ರೋಗಿ ಬರೆದಿಡುವ ಅಂಕವೇ. ಗಂಡ ಕೇಳಿಸಿಕೊಂಡ. ಮುಂದಿನ ಬಾರಿ ಅವನೇ ಅವಳ ಅಂಕಗಳ ಹಾಳೆ ಹಿಡಿದು ಬಂದಿದ್ದ.

ನನ್ನ ಚಿಕಿತ್ಸೆಯ ಕಥೆ ಉದ್ದವೇನಲ್ಲ. ಮಂಪರು ಕಡಿಮೆ ಇರುವ ಹೊಸ ತಲೆಮಾರಿನ ಅಲರ್ಜಿ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೆ ಏರಿಸಿದರು. ಹಾಗೆ ಏರಿಸಬಹುದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ, ಆದರೆ ವೈದ್ಯರ ಕಣ್ಣಳತೆಯಲ್ಲಿ ಮಾತ್ರ. ಅಂಕ 33ರಿಂದ 22ಕ್ಕೆ ಇಳಿದು ಅಲ್ಲೇ ನಿಂತಿತು. ಮುಂದಿನ ಹೆಜ್ಜೆ ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದು, ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ. ಅದು ಐಜಿಇಯನ್ನೇ ಹಿಡಿದುಹಾಕುವ ಔಷಧಿ. ಐಜಿಇ ಕಡಿಮೆ ಇರುವವರಲ್ಲಿ ಅದು ನಿಧಾನವಾಗಿ ಕೆಲಸ ಮಾಡುವುದು ಅಥವಾ ಸಾಲದಾಗುವುದು ಹೆಚ್ಚು, ಆದರೆ ಯಾರಿಗೂ ಆಗುವುದಿಲ್ಲ ಎಂದಲ್ಲ. ಮೂರನೆಯದು ಸೈಕ್ಲೋಸ್ಪೋರಿನ್. ನನ್ನ ಬಗೆಯವರಲ್ಲಿ ಚೆನ್ನಾಗಿ ನಾಟಬಹುದು, ಆದರೆ ರಕ್ತದೊತ್ತಡ, ಮೂತ್ರಪಿಂಡದ ಮೇಲೆ ನಿಗಾ ಬೇಕು. ಮಾರ್ಗಸೂಚಿಯ ಕ್ರಮದಲ್ಲಿ ಚುಚ್ಚುಮದ್ದು ಮೊದಲು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಕೊಳೆ ರೋಗದಲ್ಲಿ ಅಡಿಕೆ ಉದುರಿದ ವರ್ಷ ಅದು. ತಿಂಗಳು ತಿಂಗಳು ಸಾವಿರಾರು ರೂಪಾಯಿ, ಅದೂ ನಿಧಾನವಾಗಬಹುದು ಎಂದು ರಕ್ತವೇ ಹೇಳುತ್ತಿರುವಾಗ, ನಾನು ಮತ್ತು ನಮ್ಮ ಯಜಮಾನರು ಸೈಕ್ಲೋಸ್ಪೋರಿನ್ ಆರಿಸಿದೆವು. ಕಿಲೋ ತೂಕಕ್ಕೆ 3 ಮಿಲಿಗ್ರಾಂ ಲೆಕ್ಕದಲ್ಲಿ ಶುರು. ಆಯ್ಕೆ ನಮ್ಮದು. ಪರೀಕ್ಷೆ ಅದಕ್ಕೆ ಆಧಾರ ಕೊಟ್ಟಿತು. ಆ ವಿವರಗಳಿಲ್ಲದಿದ್ದರೆ ನಾವು ಕತ್ತಲಲ್ಲಿ ಹಣ ಎಣಿಸುತ್ತಿದ್ದೆವು.

ಕೆಲವು ವಾರಗಳಲ್ಲಿ ಅಂಕ 9ಕ್ಕೆ, ಆಮೇಲೆ 2ಕ್ಕೆ ಬಂದಿತು. ಮರುಪರೀಕ್ಷೆಯಲ್ಲಿ ಡಿ-ಡೈಮರ್ 410, ಸಿಆರ್‌ಪಿ 3. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಡುವೆ ಒಮ್ಮೆ ಹತ್ತಿರವೆಂದು ಬೇರೆ ಪ್ರಯೋಗಾಲಯದಲ್ಲಿ ಕೊಟ್ಟಾಗ ಸಿಆರ್‌ಪಿ 0.9 ಎಂದು ಬಂದಿತ್ತು. ಮನೆಯಲ್ಲಿ ಸಿಹಿ ಮಾಡುವಷ್ಟು ಸಂಭ್ರಮ. ವೈದ್ಯೆ ಅಳತೆಯ ಮಾನವನ್ನು ತೋರಿಸಿದರು. ಅದು ಡೆಸಿಲೀಟರಿನ ಲೆಕ್ಕ, ಲೀಟರಿಗೆ 9. ಡಿ-ಡೈಮರ್ ಕೂಡ ಹಾಗೆಯೇ, ಎಫ್‌ಇಯು, ಡಿಡಿಯು ಎಂಬ ಎರಡು ಮಾನಗಳಿವೆ, ಒಂದರಲ್ಲಿ ಬರುವ ಸಂಖ್ಯೆ ಇನ್ನೊಂದರ ಸುಮಾರು ಎರಡರಷ್ಟು. ಸಂಖ್ಯೆಯನ್ನು ಹೋಲಿಸಬೇಕಾದರೆ ಒಂದೇ ಪ್ರಯೋಗಾಲಯದಲ್ಲಿ ಕೊಡಿ, ಪಕ್ಕದ ಮಾನವನ್ನೂ ಮಿತಿಯನ್ನೂ ಓದಿ.

ಆಷಾಢದ ಮಳೆಯಲ್ಲಿ ನನಗೆ ಜ್ವರ ಬಂದಿತು. ಸೈಕ್ಲೋಸ್ಪೋರಿನ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯಾದ್ದರಿಂದ ಕಾಯದೆ ಹೋದೆವು. ಡೆಂಗಿ, ಇಲಿಜ್ವರ ಎರಡಕ್ಕೂ ಪರೀಕ್ಷೆ ಮಾಡಿದರು, ಇರಲಿಲ್ಲ. ಎದೆಯ ಸೋಂಕು. ಸಿಆರ್‌ಪಿ 64 ಇತ್ತು. ಯಜಮಾನರು ಅದನ್ನು ನೋಡಿ ಗಂಧೆ ಇನ್ನೇನು ಮರುಕಳಿಸಿತು ಎಂದು ಕಂಗಾಲಾದರು. ನನ್ನ ಪುಸ್ತಕದಲ್ಲಿ ಆ ವಾರದ ಮೊತ್ತ 1. ಸೋಂಕು ಇರುವಾಗ ಸಿಆರ್‌ಪಿ ಗಂಧೆಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಅವರು ಆ ಮೊತ್ತ ನೋಡಿಯೇ ನಂಬಿದ್ದು. ಜ್ವರ ಇಳಿಯುವವರೆಗೆ ಸೈಕ್ಲೋಸ್ಪೋರಿನ್ ನಿಲ್ಲಿಸಿದರು. ಕೆಲವು ಪ್ರತಿಜೀವಕಗಳು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ ಎಂದು ಅಂಥವನ್ನು ಬಿಟ್ಟು ಬೇರೆಯದನ್ನು ಬರೆದರು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಬೇರೆ ನೋವಿನ ಮಾತ್ರೆಗಳು ಗಂಧೆಯನ್ನೂ ಕೆರಳಿಸಬಹುದು, ಈ ಔಷಧಿಯ ಜೊತೆ ಮೂತ್ರಪಿಂಡಕ್ಕೂ ಹೊರೆ.

ಈಗ ಸೈಕ್ಲೋಸ್ಪೋರಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ. ರಕ್ತದೊತ್ತಡವನ್ನು ಊರಿನ ಆರೋಗ್ಯ ಕೇಂದ್ರದಲ್ಲೇ ನೋಡಿಸುತ್ತೇನೆ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ತೀರ್ಥಹಳ್ಳಿಯಲ್ಲಾಗುತ್ತದೆ. ಮುಂದಿನ ಭೇಟಿಗೆ ಟಿಎಸ್‌ಎಚ್ ಒಂದನ್ನು ಮಾಡಿಸಿಕೊಂಡು ಬರಲು ಹೇಳಿದ್ದಾರೆ. ಐಜಿಇ, ಟಿಪಿಒ ಮತ್ತೆ ಬೇಡ, ಬಗೆ ಗೊತ್ತಾಗಿದೆ. ಡಿ-ಡೈಮರ್ ಕೂಡ ಸದ್ಯಕ್ಕೆ ಬೇಡ, ಅಂಕ ಏರಿದರೆ ಮಾತ್ರ ನೋಡೋಣ ಎಂದರು. ಕಳೆದ ವಾರದ ಮೊತ್ತ 3. ಭಾನುವಾರ ಮೊಣಕೈಯ ಬಳಿ ಎದ್ದ ಒಂದೆರಡು ಗಂಧೆ, ಸ್ವಲ್ಪ ತುರಿಕೆ, ಮರುದಿನ ಬರೀ ತುರಿಕೆ.